ಹಸಿರು ಪರದೆಯಿಂದ ವಿಂಡೋಸ್‌ಗೆ

ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡ, ರಾತ್ರಿ ಪಾಳಿ. ಮೇಜಿನ ಮೇಲೆ ಅಕ್ಕಪಕ್ಕ ಎರಡು ಪರದೆ. ಎಡಗಡೆಯದರಲ್ಲಿ ಕಪ್ಪು ನೆಲ, ಹಸಿರು ಅಕ್ಷರ. 24 ಸಾಲು, ಸಾಲಿಗೆ 80 ಅಕ್ಷರ. ಅದರ ಆಚೆ ತುದಿಯಲ್ಲಿ ಅಮೆರಿಕದ ಯಾವುದೋ ಬ್ಯಾಂಕಿನ ಐಬಿಎಂ ಮೇನ್‌ಫ್ರೇಮ್. ಬಲಗಡೆ ನಮ್ಮ ನಿಮ್ಮ ವಿಂಡೋಸ್. ಅಲ್ಲಿಯ ಲೆಕ್ಕ ಇಲ್ಲಿಯ ಎಕ್ಸೆಲ್‌ಗೆ ಬೆಳಗಾಗುವುದರೊಳಗೆ ಬರಬೇಕು.

ತಂತಿಯದೇನೂ ತಕರಾರಿಲ್ಲ. ಫೈಲು ಸಾಗಿಸುವ ಎಫ್‌ಟಿಪಿ ಹಳೆಯ ಹುಲಿ. 1971ರಲ್ಲಿ ಅದರ ಮೊದಲ ರೂಪ ಬರೆದವರು ಕಾನ್ಪುರ ಐಐಟಿಯ ಮೊದಲ ತಂಡದ ಅಭಯ್ ಭೂಷಣ್. ತಕರಾರಿರುವುದು ಲಿಪಿಯದು. 1964ರ ಸಿಸ್ಟಮ್/360ರ ಕಾಲದಿಂದ ಮೇನ್‌ಫ್ರೇಮ್ ಬರೆಯುವುದು ಎಬ್‌ಸಿಡಿಕ್‌ನಲ್ಲಿ, ಪಿಸಿ ಓದುವುದು ಆಸ್ಕಿಯಲ್ಲಿ. ಅಲ್ಲಿ 64 ಎಂದರೆ ಖಾಲಿ ಜಾಗ, ಇಲ್ಲಿ 64 ಎಂದರೆ ಇಮೇಲ್ ವಿಳಾಸದ ನಡುವಿನ ಅಟ್ ಚಿಹ್ನೆ. ಬದಲಾಯಿಸದೆ ಇದ್ದಂತೆಯೇ, ಅಂದರೆ ಬೈನರಿಯಾಗಿ, ತಂದ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಪುಟದ ತುಂಬ ಅಟ್‌ಗಳ ಜಾತ್ರೆ, ನಡುನಡುವೆ ಟೋಪಿ ತೊಟ್ಟ ಫ್ರೆಂಚ್ ಅಕ್ಷರಗಳು. ಸಾಲೂ ಮುರಿದಿರುವುದಿಲ್ಲ. ಆ ಕಡೆ ಸಾಲಿನ ಕೊನೆಗೆ ಗುರುತು ಹಾಕುವ ರೂಢಿಯಿಲ್ಲ. 80 ಎಂದರೆ 80, ಪಂಚ್ ಕಾರ್ಡಿನ ಅಳತೆ ಇನ್ನೂ ಬಿಟ್ಟುಹೋಗಿಲ್ಲ.

ಹಾಗಾದರೆ ಪಠ್ಯವೆಂದು ಹೇಳಿ ಲಿಪಿ ಬದಲಿಸಿಯೇ ತರಿಸೋಣ ಅನ್ನುತ್ತಾನೆ ಹೊಸಬ. ಹೆಸರು, ಊರು, ಖಾತೆ ಸಂಖ್ಯೆ ಎಲ್ಲ ಮುದ್ದಾಗಿ ಬರುತ್ತವೆ. ಪಕ್ಕದ ಹಿರಿಯಳು ಮಾತ್ರ ಮೊತ್ತದ ಕಾಲಮ್ಮಿಗೇ ಕಣ್ಣು ನೆಟ್ಟಿರುತ್ತಾಳೆ. ಮೇನ್‌ಫ್ರೇಮಿಗೆ ಕೋಬಾಲ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುವ ಮಂದಿ ಜಾಗ ಉಳಿಸಲು ಒಂದು ಬೈಟಿಗೆ ಎರಡು ಅಂಕಿ ತುರುಕುತ್ತಾರೆ. 1401 ಎಂಬ ಮೊತ್ತ 01, 40, 1ಸಿ ಎಂದು ಮೂರು ಬೈಟುಗಳಲ್ಲಿ ಕೂತಿರುತ್ತದೆ; ಕೊನೆಯ ಸಿ ಕೂಡುವ ಚಿಹ್ನೆ. ಲಿಪಿ ಬದಲಿಸುವ ಯಂತ್ರಕ್ಕೆ ಇದು ಹಣವೆಂದು ಗೊತ್ತಿಲ್ಲ. ನಡುವಿನ 40 ಅದಕ್ಕೆ ಬರೀ ಖಾಲಿ ಜಾಗ (ಹದಿನಾರರ ಲೆಕ್ಕದಲ್ಲಿ 40 ಎಂದರೆ ಅದೇ 64). ಆಸ್ಕಿಯ ಖಾಲಿ ಜಾಗ 20. ಬದಲಿಸಿ ಮುಂದೆ ಹೋಗುತ್ತದೆ. 1401 ಹೋಗಿ 1201 ಆಯಿತು. ದೋಷದ ಸಂದೇಶವಿಲ್ಲ, ಕೆಂಪು ಗೆರೆಯಿಲ್ಲ. ಅಟ್‌ಗಳ ಜಾತ್ರೆಯೇ ವಾಸಿ, ಕಂಡ ತಕ್ಷಣ ಕೆಟ್ಟಿದೆಯೆಂದು ಗೊತ್ತಾಗುತ್ತದೆ.

ಎನ್‌ಎಫ್‌ಎಸ್ ಇಟ್ಟು ಮೇನ್‌ಫ್ರೇಮಿನ ಫೈಲುಗಳನ್ನೇ ಪಿಸಿಯ ಇನ್ನೊಂದು ಡ್ರೈವಿನಂತೆ ತೋರಿಸುವುದೂ ಉಂಟು. ನೋಡಲು ಚಂದ. ಪಠ್ಯವೋ ಬೈನರಿಯೋ ಎಂಬ ಪ್ರಶ್ನೆ ಅಲ್ಲೂ ತಪ್ಪುವುದಿಲ್ಲ.

ಆದ್ದರಿಂದ ಯಾರಾದರೂ ಇಂಥ ಫೈಲು ಕೇಳಿದರೆ ಮೊದಲು ಕಾಪಿಬುಕ್, ಅಂದರೆ ಸಾಲಿನ ಯಾವ ಜಾಗದಲ್ಲಿ ಯಾವ ಬಗೆಯ ಮಾಹಿತಿ ಇದೆಯೆಂದು ಹೇಳುವ ಕೋಬಾಲ್ ಪಟ್ಟಿ, ತರಿಸಿಕೊಳ್ಳಿ. ಮೊತ್ತಗಳನ್ನು ಮೇನ್‌ಫ್ರೇಮಿನಲ್ಲೇ ಬಿಡಿ ಅಂಕಿಗಳಾಗಿ ಬಿಡಿಸಿ, ಆಮೇಲೆ ಕಳಿಸಿ.