ರ‍್ಯಾಂಕ್ ಬಂತು, ಮುಂದೇನು? ಕಂಟೋನ್ಮೆಂಟ್ ಕಡೆಯವರ ಸೀಟಿನ ಲೆಕ್ಕ

ಹಲಸೂರಿನಲ್ಲಿ ಪರ್ಪಲ್ ಲೈನ್ ಮೆಟ್ರೋ ಹತ್ತಿದರೆ ಇಂದಿರಾನಗರ, ಬೈಯಪ್ಪನಹಳ್ಳಿ, ಕೆ.ಆರ್. ಪುರ ದಾಟಿ ಸೀದಾ ವೈಟ್‌ಫೀಲ್ಡ್‌ಗೆ ಹೋಗಬಹುದು. ನಾವೆಲ್ಲ ಪ್ಲೇಸ್‌ಮೆಂಟ್ ಆಗ್ಲಿ ಅಂತ ಆಸೆ ಪಡೋ ಎಷ್ಟೋ ಕಂಪನಿಗಳು ಆ ತುದಿಯಲ್ಲಿವೆ. ಈ ತುದಿಯಲ್ಲಿ, ಶಿವಾಜಿನಗರ ಮತ್ತು ಹಲಸೂರಿನ ಗಲ್ಲಿಗಳಲ್ಲಿ, ಗುಜರಿ, ಟೈಲರಿಂಗ್, ಆಟೋ, ಮನೆಗೆಲಸ ನಂಬಿಕೊಂಡ ಕುಟುಂಬಗಳಿವೆ. ಆ ಮನೆಯ ಮಕ್ಕಳು ಇಂಜಿನಿಯರ್ ಆಗಿ ಆ ತುದಿಗೆ ಹೋಗೋಕೆ ಏನೇನು ದಾಟಬೇಕು?

"ಚೆನ್ನಾಗಿ ಓದಿದ್ರೆ ಸಾಕು, ಸರ್ಕಾರ ಫೀಸ್ ನೋಡ್ಕೊಳ್ಳುತ್ತೆ" ಅಂತ ಸುಮಾರು ಜನ ಹೇಳ್ತಾರೆ. ಇದು ಅರ್ಧ ಸತ್ಯ. ಸೌಲಭ್ಯಗಳು ಇವೆ. ಆದ್ರೆ ಅವು ಸಿಗೋದು ಸರಿಯಾದ ಸಮಯಕ್ಕೆ ಕೇಳಿದವರಿಗೆ ಮಾತ್ರ.

120 ಸೀಟು ಹೇಗೆ ಹಂಚಿಕೆ ಆಗುತ್ತೆ?

ಒಂದು ಖಾಸಗಿ ಕಾಲೇಜಿನಲ್ಲಿ ಒಂದು ಬ್ರ್ಯಾಂಚ್‌ಗೆ 120 ಸೀಟು ಇದೆ ಅಂದುಕೊಳ್ಳಿ. ಸಾಮಾನ್ಯವಾಗಿ ಇದರಲ್ಲಿ 45 ಪರ್ಸೆಂಟ್, ಅಂದ್ರೆ 54 ಸೀಟು, ಸಿಇಟಿ ಮೂಲಕ ಹೋಗುತ್ತೆ. ಉಳಿದದ್ದು ಕಾಮೆಡ್‌ಕೆ ಮತ್ತು ಮ್ಯಾನೇಜ್‌ಮೆಂಟ್. ಅಲ್ಲಿನ ಫೀಸ್ ಎಷ್ಟು ಅಂತ ನಮಗೆಲ್ಲ ಗೊತ್ತು. ಹಾಗಾಗಿ ಬಡ ಮನೆಯವರ ಆಸೆ ಎಲ್ಲಾ ಈ 54ರ ಮೇಲೆ.

ಈ 54ರೊಳಗೆ ಜಾತಿವಾರು ಮೀಸಲಾತಿ ಇದೆ. ಅದರ ಜೊತೆಗೆ ಗ್ರಾಮೀಣ ವಿದ್ಯಾರ್ಥಿಗಳಿಗೆ 15 ಪರ್ಸೆಂಟ್, ಕನ್ನಡ ಮಾಧ್ಯಮದವರಿಗೆ 5 ಪರ್ಸೆಂಟ್. ಎರಡಕ್ಕೂ 1ರಿಂದ 10ನೇ ತರಗತಿವರೆಗೆ ಹಾಗೇ ಓದಿರಬೇಕು. ಇವೆರಡೂ ಬೇಕಾದ ಸೌಲಭ್ಯಗಳೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಕಂಟೋನ್ಮೆಂಟ್ ಕಡೆಯ ಬಡ ಹುಡುಗಿಗೆ ಇವು ಹೇಗೆ ಕಾಣುತ್ತೆ ನೋಡಿ. ಅವಳು ಊರ ನಡುವೆ ಹುಟ್ಟಿದ್ದಾಳೆ, ಗ್ರಾಮೀಣ ಅಲ್ಲ. ಕೆ.ಆರ್. ಪುರ ಕೂಡ 2007ರಲ್ಲೇ ಬಿಬಿಎಂಪಿಗೆ ಸೇರಿಹೋಯ್ತು. ಇನ್ನು ಮಾಧ್ಯಮ. ಈ ಭಾಗ 1947ರವರೆಗೆ ಬ್ರಿಟಿಷರ ಕೈಯಲ್ಲಿತ್ತು. ಮನೆಮಾತು ತಮಿಳು, ದಖನಿ ಉರ್ದು, ತೆಲುಗು, ಕನ್ನಡ, ಎಲ್ಲಾ ಇದೆ. ಅಪ್ಪ ಅಮ್ಮ ಹೊಟ್ಟೆ ಬಟ್ಟೆ ಕಟ್ಟಿ ಓಣಿಯ ಸಣ್ಣ ಇಂಗ್ಲಿಷ್ ಮೀಡಿಯಂ ಶಾಲೆಗೆ ಸೇರಿಸಿರ್ತಾರೆ. ಆ ತೀರ್ಮಾನದಿಂದಲೇ ಕನ್ನಡ ಮಾಧ್ಯಮದ ಕೋಟಾನೂ ಕೈತಪ್ಪುತ್ತೆ. ಬಡತನ ಇದೆ, ಆದ್ರೆ ಆ ಬಡತನಕ್ಕೆ ಫಾರ್ಮ್‌ನಲ್ಲಿ ಕಾಲಂ ಕಮ್ಮಿ.

ಎಸ್‌ಎನ್‌ಕ್ಯೂ ಅನ್ನೋ ಕಾಲಂ

ಇಂಥವರಿಗೆ ಉಳಿಯೋ ಮುಖ್ಯ ದಾರಿ ಎಸ್‌ಎನ್‌ಕ್ಯೂ, ಅಂದ್ರೆ ಸೂಪರ್‌ನ್ಯೂಮರರಿ ಕೋಟಾ. ಎಐಸಿಟಿಇ ನಿಯಮದಂತೆ ಒಟ್ಟು ಸೀಟಿನ 5 ಪರ್ಸೆಂಟ್‌ವರೆಗೆ ಹೆಚ್ಚುವರಿ ಸೀಟು. ನಮ್ಮ ಉದಾಹರಣೆಯಲ್ಲಿ 120ರ ಮೇಲೆ ಇನ್ನೂ 6. ಇದರಲ್ಲಿ ಟ್ಯೂಷನ್ ಫೀಸ್ ಪೂರ್ತಿ ಮಾಫಿ, ಬೇರೆ ಫೀಸ್ ಮಾತ್ರ ಕಟ್ಟಬೇಕು. ಮನೆಯ ವಾರ್ಷಿಕ ಆದಾಯ 8 ಲಕ್ಷದ ಒಳಗಿರಬೇಕು.

ಇಲ್ಲೊಂದು ತೊಡಕಿದೆ. 8 ಲಕ್ಷ ಅಂದ್ರೆ ತಿಂಗಳಿಗೆ ಸುಮಾರು 66 ಸಾವಿರ. ತಿಂಗಳಿಗೆ 20 ಸಾವಿರ ತರೋ ಮನೆಯ ಹುಡುಗ, 60 ಸಾವಿರ ತರೋ ಮನೆಯ ಹುಡುಗನ ಜೊತೆ ಅದೇ 6 ಸೀಟಿಗೆ ಸ್ಪರ್ಧೆ ಮಾಡಬೇಕು. ಅವನಿಗೆ ಕೋಚಿಂಗ್ ಇತ್ತು, ಇವನಿಗಿಲ್ಲ. ಅಷ್ಟಾದ್ರೂ ಇದನ್ನ ಬಿಡೋ ಹಾಗಿಲ್ಲ. ಸಿಇಟಿ ಅರ್ಜಿ ಹಾಕುವಾಗಲೇ ಎಸ್‌ಎನ್‌ಕ್ಯೂ ಬೇಕು ಅಂತ ಕ್ಲೇಮ್ ಮಾಡಬೇಕು. ರ‍್ಯಾಂಕ್ ಬಂದ್ಮೇಲೆ ಗೊತ್ತಾದ್ರೆ ಪ್ರಯೋಜನ ಕಮ್ಮಿ.

ಒಂದು ನಂಬರ್‌ನ ಬೆಲೆ

ಕ್ಲೇಮ್ ಮಾಡೋಕೆ ಆದಾಯ ಪ್ರಮಾಣಪತ್ರ ಬೇಕು, ಮೀಸಲಾತಿ ಇದ್ದರೆ ಜಾತಿ ಪ್ರಮಾಣಪತ್ರ ಕೂಡ. ಇವು ನಾಡಕಚೇರಿಯಿಂದ ಬರುತ್ತೆ. ಅದರ ಮೇಲೆ ಒಂದು ಆರ್‌ಡಿ ನಂಬರ್ ಇರುತ್ತೆ. ಕೆಇಎ ಅರ್ಜಿಯಲ್ಲಿ ಆ ನಂಬರ್ ಹಾಕಬೇಕು. ಮಾರ್ಕ್ಸ್ ಕಾರ್ಡ್‌ನಲ್ಲಿ, ಆಧಾರ್‌ನಲ್ಲಿ, ಪ್ರಮಾಣಪತ್ರದಲ್ಲಿ ಹೆಸರು ಒಂದೊಂದು ಥರ ಇದ್ದರೆ ಸರಿಪಡಿಸೋಕೆ ಓಡಾಟ ಶುರು. ಇನಿಶಿಯಲ್ ಮುಂದೆಯೋ ಹಿಂದೆಯೋ ಅನ್ನೋದೇ ದೊಡ್ಡ ತಲೆನೋವು. ದಿನಗೂಲಿ ಮಾಡೋ ಅಪ್ಪ ಒಂದು ದಿನ ಕಚೇರಿಗೆ ಹೋದ್ರೆ ಅವತ್ತಿನ ಕೂಲಿ ಇಲ್ಲ. ಮೂರು ಸಲ ಹೋದ್ರೆ ಮೂರು ದಿನದ್ದು ಇಲ್ಲ. ಈ ಖರ್ಚು ಯಾವ ಫೀಸ್ ಪಟ್ಟಿಯಲ್ಲೂ ಬರಲ್ಲ.

ಫೀಸ್ ಮೊದಲು, ಸ್ಕಾಲರ್‌ಶಿಪ್ ಆಮೇಲೆ

ಸೀಟು ಅಲಾಟ್ ಆದ್ಮೇಲೆ ಚಾಯ್ಸ್ 1 ಕೊಟ್ಟರೆ ಕೆಲವೇ ದಿನದಲ್ಲಿ ಫೀಸ್ ಕಟ್ಟಿ ಕಾಲೇಜಿಗೆ ಸೇರಬೇಕು. ಆದ್ರೆ ಸ್ಕಾಲರ್‌ಶಿಪ್‌ಗೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕೋದು ಕಾಲೇಜಿಗೆ ಸೇರಿದ ಮೇಲೆ. ದುಡ್ಡು ಆಧಾರ್‌ಗೆ ಲಿಂಕ್ ಆದ ಬ್ಯಾಂಕ್ ಅಕೌಂಟ್‌ಗೆ ಬರೋದು ಅದಕ್ಕೂ ಆಮೇಲೆ. ನಡುವಿನ ಆ ತಿಂಗಳುಗಳನ್ನ ಯಾರು ತುಂಬೋದು? ಸುಮಾರು ಮನೆಗಳಲ್ಲಿ ಚಿನ್ನ ಅಡ ಇಡ್ತಾರೆ, ಇಲ್ಲಾಂದ್ರೆ ಬಡ್ಡಿಗೆ ಸಾಲ ತರ್ತಾರೆ.

ಇಲ್ಲಿ ಗೊತ್ತಿರಬೇಕಾದ ಎರಡು ವಿಷಯ. ಒಂದು, 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕ್ ಅಡಮಾನ ಕೇಳುವಂತಿಲ್ಲ. ಎರಡು, ಸಿಇಟಿ ಮೂಲಕ ಸೀಟು ಪಡೆದ ಅಲ್ಪಸಂಖ್ಯಾತ ಮತ್ತು ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಆಯಾ ಅಭಿವೃದ್ಧಿ ನಿಗಮಗಳಿಂದ 'ಅರಿವು' ಸಾಲ ಇದೆ.

ಸೇರಿದ ಮೇಲೂ ಖರ್ಚು ನಿಲ್ಲಲ್ಲ. ಲ್ಯಾಪ್‌ಟಾಪ್, ಪ್ರಾಜೆಕ್ಟ್, ಓಡಾಟ. ಬಿಎಂಟಿಸಿಗೆ ಸ್ಟೂಡೆಂಟ್ ಪಾಸ್ ಇದೆ, 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಬಸ್ ಉಚಿತ. ಮೆಟ್ರೋದಲ್ಲಿ ಸ್ಟೂಡೆಂಟ್ ಪಾಸ್ ಇಲ್ಲ.

ಡಿಪ್ಲೊಮಾ ದಾರಿ

ಇನ್ನೊಂದು ದಾರಿ ನಮ್ಮ ಕ್ಲಾಸಲ್ಲೇ ಕೂತಿದೆ. ಎಸ್‌ಎಸ್‌ಎಲ್‌ಸಿ ಆದ್ಮೇಲೆ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ ಡಿಪ್ಲೊಮಾ, ಆಮೇಲೆ ಡಿಸಿಇಟಿ ಬರೆದು ನೇರವಾಗಿ ಮೂರನೇ ಸೆಮ್‌ಗೆ. ಲ್ಯಾಟರಲ್ ಎಂಟ್ರಿಗೆ ಒಟ್ಟು ಸೀಟಿನ 10 ಪರ್ಸೆಂಟ್ ಹೆಚ್ಚುವರಿ ಸೀಟು, ಜೊತೆಗೆ ಖಾಲಿ ಉಳಿದವೂ ಸೇರುತ್ತೆ. ಪಿಯು ಕೋಚಿಂಗ್ ಖರ್ಚು ಇಲ್ಲ. ಬೇಕಾದ್ರೆ ಡಿಪ್ಲೊಮಾ ಮುಗಿಸಿ ಒಂದೆರಡು ವರ್ಷ ಕೆಲಸ ಮಾಡಿ, ದುಡ್ಡು ಕೂಡಿಟ್ಟು ಬರಬಹುದು. ವರ್ಕ್‌ಶಾಪ್, ಲ್ಯಾಬ್‌ನಲ್ಲಿ ಇವರ ಕೈ ನಮಗಿಂತ ಚೆನ್ನಾಗಿ ಓಡುತ್ತೆ. ಕಷ್ಟ ಆಗೋದು ಮ್ಯಾಥ್ಸ್‌ನಲ್ಲಿ, ಯಾಕಂದ್ರೆ ನಾವು ಮೊದಲ ವರ್ಷ ಓದಿದ್ದು ಅವರಿಗೆ ತಪ್ಪಿರುತ್ತೆ. "ಡಿಪ್ಲೊಮಾದವರು" ಅಂತ ಬೇರೆ ಬೆಂಚ್ ಮಾಡೋ ಬದಲು ನಮ್ಮ ಎಂ1, ಎಂ2 ನೋಟ್ಸ್ ಕೊಟ್ಟರೆ ಎಷ್ಟೋ ಸಹಾಯ.

ನಾವೇನು ಮಾಡಬಹುದು?

1873ರಲ್ಲಿ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್ ಅವರು ಕಂಟೋನ್ಮೆಂಟ್‌ನ ಬಡ ಮಕ್ಕಳಿಗೆ ಒಂದು ಉಚಿತ ಶಾಲೆ ತೆರೆದರು. ಆರ್‌ಬಿಎಎನ್‌ಎಂಎಸ್ ಶಿಕ್ಷಣ ಸಂಸ್ಥೆಗಳು ಇವತ್ತಿಗೂ ಹಲಸೂರು ಕೆರೆಯ ಸುತ್ತಮುತ್ತ ನಡೀತಿವೆ. ನಾವು ಶಾಲೆ ಕಟ್ಟಬೇಕಾಗಿಲ್ಲ. ನಮ್ಮ ಹತ್ರ ಇರೋ ಆಸ್ತಿ ಅಂದ್ರೆ ಈ ಪ್ರೊಸೆಸ್ ಪೂರ್ತಿ ಮಾಡಿ ಬಂದಿರೋ ಅನುಭವ. ಅಣ್ಣನೋ ಅಕ್ಕನೋ ಇಂಜಿನಿಯರಿಂಗ್ ಓದಿರೋ ಮನೆಯಲ್ಲಿ ಇದು ಊಟದ ಹೊತ್ತಿನ ಮಾತು. ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತೋರಿಗೆ ಹೇಳೋರೇ ಇರಲ್ಲ.

ನಿಮ್ಮ ಏರಿಯಾದಲ್ಲಿ, ನಿಮ್ಮ ಮನೆ ಕೆಲಸಕ್ಕೆ ಬರೋ ಆಂಟಿ ಮನೆಯಲ್ಲಿ, ಕಾಲೇಜ್ ಕ್ಯಾಂಟೀನ್‌ನಲ್ಲಿ ಕೆಲಸ ಮಾಡೋ ಅಣ್ಣನ ಮನೆಯಲ್ಲಿ ಪಿಯು ಓದ್ತಿರೋ ಒಬ್ಬರು ಇದ್ದೇ ಇರ್ತಾರೆ. ಸಿಇಟಿ ಅರ್ಜಿ ಶುರುವಾಗೋ ಮೊದಲೇ ಅವರನ್ನ ಮೂರು ಪ್ರಶ್ನೆ ಕೇಳಿ: ಆದಾಯ ಪ್ರಮಾಣಪತ್ರ ಇದೆಯಾ? ಎಲ್ಲಾ ಕಡೆ ಹೆಸರು ಒಂದೇ ಥರ ಇದೆಯಾ? ಎಸ್‌ಎನ್‌ಕ್ಯೂ ಗೊತ್ತಾ? ಆಪ್ಷನ್ ಎಂಟ್ರಿ ದಿನ ಒಂದು ಗಂಟೆ ಪಕ್ಕದಲ್ಲಿ ಕೂತ್ಕೊಳ್ಳಿ. ನಮಗೆ ಖರ್ಚಾಗೋದು ಒಂದು ಸಂಜೆ, ಅವರಿಗೆ ಉಳಿಯೋದು ನಾಲ್ಕು ವರ್ಷದ ಟ್ಯೂಷನ್ ಫೀಸ್.