ಹೃದಯವನ್ನು ಹದಗೊಳಿಸುವ ನಲವತ್ತು ದಿನಗಳು

ಫೆಬ್ರವರಿ ತಿಂಗಳಲ್ಲೋ ಮಾರ್ಚ್ ತಿಂಗಳ ಮೊದಲಲ್ಲೋ ಬರುವ ಒಂದು ಬುಧವಾರದಂದು, ಬೆಂಗಳೂರಿನ ಬಸ್ಸುಗಳಲ್ಲಿಯೂ ಮಂಗಳೂರಿನ ಕಛೇರಿಗಳಲ್ಲಿಯೂ ಕೆಲವರ ಹಣೆಯ ಮೇಲೆ ಬೂದಿಯಿಂದ ಬರೆದ ಪುಟ್ಟ ಶಿಲುಬೆಯ ಗುರುತನ್ನು ವಾಚಕರು ಕಂಡಿರಬಹುದು. ವಿಭೂತಿ ಧರಿಸಿದವರನ್ನು ದಿನವೂ ಕಾಣುವ ನಮಗೆ ಅದು ವಿಚಿತ್ರವೆನಿಸದು. ಆದರೆ ಕ್ರೈಸ್ತ ಬಂಧುಗಳ ಹಣೆಯಲ್ಲಿ ಅದು ವರ್ಷಕ್ಕೊಮ್ಮೆ ಮಾತ್ರ ಮೂಡುವ ಚಿಹ್ನೆ. ಅಂದು ವಿಭೂತಿ ಬುಧವಾರ. ತಪಸ್ಸು ಕಾಲದ ಮೊದಲ ದಿನ.

ಆ ಬೂದಿ ಎಲ್ಲಿಂದ ಬಂತು ಎಂಬುದನ್ನು ತಿಳಿದರೆ ಅದರ ಅರ್ಥವೂ ತಿಳಿಯುತ್ತದೆ. ಯೇಸುಸ್ವಾಮಿ ಜೆರುಸಲೇಮ್ ನಗರವನ್ನು ಪ್ರವೇಶಿಸಿದಾಗ ಜನರು ಮರದ ಗರಿಗಳನ್ನು ಹಿಡಿದು ಜಯಘೋಷ ಮಾಡಿದರಂತೆ. ಅದರ ನೆನಪಿಗಾಗಿ ಗರಿಗಳ ಭಾನುವಾರದಂದು ನಮ್ಮ ನಾಡಿನ ಚರ್ಚುಗಳಲ್ಲಿ ತೆಂಗಿನ ಎಳೆಗರಿಗಳನ್ನು ಹಂಚುತ್ತಾರೆ. ಭಕ್ತರು ಅವನ್ನು ಮನೆಗೆ ಕೊಂಡೊಯ್ದು ಶಿಲುಬೆಯ ಹಿಂದೆ ಸಿಕ್ಕಿಸಿಡುತ್ತಾರೆ. ಮರುವರ್ಷ ಆ ಒಣಗಿದ ಗರಿಗಳನ್ನೇ ಸುಟ್ಟು ಬೂದಿ ಮಾಡುತ್ತಾರೆ. ಕಳೆದ ವರ್ಷದ ಜಯಘೋಷ ಈ ವರ್ಷದ ಬೂದಿ! ಮಣ್ಣಿನಿಂದ ಬಂದ ಮನುಷ್ಯನು ಮಣ್ಣಿಗೇ ಮರಳುವನೆಂದು ನೆನಪಿಸುತ್ತ ಧರ್ಮಗುರುಗಳು ಅದನ್ನು ಹಣೆಗೆ ಹಚ್ಚುವಾಗ ಬಡವನೆಂದೂ ಬಲ್ಲಿದನೆಂದೂ ಭೇದವಿಲ್ಲ.

ಏಕೆ ನಲವತ್ತು?

ಈ ಕಾಲದ ಅವಧಿ ನಲವತ್ತು ದಿನಗಳು. ಲೆಕ್ಕ ಹಾಕಿ ನೋಡಿದರೆ ವಿಭೂತಿ ಬುಧವಾರದಿಂದ ಈಸ್ಟರ್ ಹಬ್ಬದ ಮುನ್ನಾದಿನದವರೆಗೆ ನಲವತ್ತಾರು ದಿನಗಳಾಗುತ್ತವೆ. ನಡುವಿನ ಆರು ಭಾನುವಾರಗಳನ್ನು ಉಪವಾಸದ ಲೆಕ್ಕಕ್ಕೆ ಸೇರಿಸುವುದಿಲ್ಲ. ಏಕೆಂದರೆ ಪ್ರತಿ ಭಾನುವಾರವೂ ಕ್ರಿಸ್ತನ ಪುನರುತ್ಥಾನದ ದಿನ. ಮೋಶೆ ಸೀನಾಯ್ ಬೆಟ್ಟದ ಮೇಲೆ ನಲವತ್ತು ದಿನಗಳಿದ್ದನು. ಪ್ರವಾದಿ ಎಲೀಯನು ಹೋರೇಬ್ ಬೆಟ್ಟಕ್ಕೆ ನಲವತ್ತು ದಿನ ನಡೆದನು. ಯೇಸುಸ್ವಾಮಿ ತಮ್ಮ ಬೋಧನೆಯನ್ನು ಆರಂಭಿಸುವ ಮುನ್ನ ನಲವತ್ತು ದಿನ ಅರಣ್ಯದಲ್ಲಿ ಉಪವಾಸವಿದ್ದರು. ಮಹತ್ತಾದುದನ್ನು ಎದುರುಗೊಳ್ಳುವ ಮುನ್ನ ಮನುಷ್ಯನಿಗೆ ಸಿದ್ಧತೆ ಬೇಕು; ಆ ಸಿದ್ಧತೆ ಒಂದೆರಡು ದಿನಗಳಲ್ಲಿ ಆಗುವಂಥದಲ್ಲ. ಮಳೆಗೆ ಮುಂಚೆ ನೆಲವನ್ನು ಉತ್ತು ಹದ ಮಾಡಿಟ್ಟುಕೊಳ್ಳುವ ರೈತನಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಸ್ಟರ್ ಹಬ್ಬದ ದಿನವು ವರ್ಷ ವರ್ಷ ಬದಲಾಗುವುದಕ್ಕೂ ಕಾರಣವುಂಟು. ಮಾರ್ಚ್ 21ರಂದು ಅಥವಾ ಆ ಬಳಿಕ ಬರುವ ಮೊದಲ ಹುಣ್ಣಿಮೆಯನ್ನು ಹಿಡಿದು, ಅದರ ಮುಂದಿನ ಭಾನುವಾರವನ್ನು ಈಸ್ಟರ್ ಎಂದು ಆಚರಿಸುವರು. ಹೀಗಾಗಿ ಅದು ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಎಂದಾದರೂ ಬರಬಹುದು. ತಿಥಿಯನ್ನು ನೋಡಿ ಹಬ್ಬ ಮಾಡುವ ನಮಗೆ ಚಂದ್ರನ ಈ ಲೆಕ್ಕ ಅಪರಿಚಿತವೇನಲ್ಲ.

ಈ ದಿನಗಳಲ್ಲಿ ಚರ್ಚಿನ ಒಳಗೆ ಕಾಲಿಟ್ಟವರಿಗೆ ಬದಲಾವಣೆ ಕಣ್ಣಿಗೆ ಬೀಳುತ್ತದೆ. ಧರ್ಮಗುರುಗಳ ಪೂಜಾವಸ್ತ್ರ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಬಲಿಪೀಠದ ಮೇಲಿನ ಹೂವಿನ ಅಲಂಕಾರ ಇಲ್ಲವಾಗುತ್ತದೆ. 'ಅಲ್ಲೆಲೂಯ' ಎಂಬ ಹರ್ಷೋದ್ಗಾರ ಈಸ್ಟರಿನವರೆಗೆ ಕೇಳಿಬರುವುದಿಲ್ಲ. ಶುಕ್ರವಾರಗಳಂದು ಕ್ರಿಸ್ತನ ಯಾತನೆಯ ಹದಿನಾಲ್ಕು ನೆಲೆಗಳ ಮುಂದೆ ನಿಂತು ಧ್ಯಾನಿಸುವ 'ಶಿಲುಬೆಯ ಹಾದಿ' ನಡೆಯುತ್ತದೆ. 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯವರೂ ಲೆಂಟ್ ಎಂಬ ಹೆಸರಿನಿಂದ ಇದೇ ಕಾಲವನ್ನು ಆಚರಿಸುತ್ತಾರೆ.

ನಾಲಗೆಯ ವ್ರತ, ಮನಸ್ಸಿನ ವ್ರತ

ಪ್ರಾರ್ಥನೆ, ಉಪವಾಸ, ದಾನ – ಇವು ಈ ಕಾಲದ ಮೂರು ಕರ್ತವ್ಯಗಳು. ಮೂರನ್ನೂ ಗುಟ್ಟಾಗಿ ಮಾಡಬೇಕು, ಮೆಚ್ಚುಗೆಗಾಗಿ ಮಾಡಬಾರದು ಎಂಬುದು ಯೇಸುವಿನ ಬೋಧೆ. ಹಣೆಗೆ ಬೂದಿ ಹಚ್ಚುವ ದಿನವೇ ಚರ್ಚಿನಲ್ಲಿ ಈ ಎಚ್ಚರಿಕೆಯನ್ನೂ ಓದಿ ಹೇಳುತ್ತಾರೆಂಬುದು ಗಮನಾರ್ಹ.

ಒಂದು ಕಾಲಕ್ಕೆ ಉಪವಾಸದ ನಿಯಮಗಳು ಬಹಳ ಕಠಿಣವಾಗಿದ್ದವು. 1966ರಲ್ಲಿ ಆರನೆಯ ಪೌಲ್ ಜಗದ್ಗುರುಗಳು ಅವನ್ನು ಸಡಿಲಿಸಿದರು. ಈಗ ಕಥೋಲಿಕರಿಗೆ ಕಡ್ಡಾಯವಾದ ಉಪವಾಸಗಳು ಎರಡೇ: ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. ಆ ದಿನಗಳಂದು ಒಂದೇ ಪೂರ್ಣ ಊಟ. ತಪಸ್ಸು ಕಾಲದ ಶುಕ್ರವಾರಗಳಂದು ಮಾಂಸವರ್ಜನೆ. ನಿಯಮ ಸಡಿಲವಾದದ್ದು ಜನ ಸುಖವಾಗಿರಲೆಂದಲ್ಲ. ಬಿಡಬೇಕಾದುದನ್ನು ಅವರವರ ಮನಸ್ಸೇ ಹುಡುಕಿಕೊಳ್ಳಲೆಂದು.

ಹುಡುಕುವುದೇ ಕಷ್ಟ! ಮಾಂಸವರ್ಜನೆಯ ನಿಯಮ ಮೀನಿಗೆ ಅನ್ವಯಿಸುವುದಿಲ್ಲ. ಶುಕ್ರವಾರ ಕುರಿಮಾಂಸ ಬಿಟ್ಟು ಅಂಜಲ್ ಮೀನಿನ ಸಾರು, ಬಂಗುಡೆಯ ಹುರಿದ ತುಂಡು ಉಂಡರೆ ಕರಾವಳಿಯ ಮನೆಯಲ್ಲಿ ನಿಯಮಕ್ಕೆ ಭಂಗವಿಲ್ಲ. ನಾಲಗೆಗೆ ನಷ್ಟವೂ ಇಲ್ಲ. ನಿಯಮವನ್ನು ಪಾಲಿಸುವುದು ಬೇರೆ, ಹೃದಯವನ್ನು ಸಿದ್ಧಗೊಳಿಸುವುದು ಬೇರೆ. ಇದನ್ನು ನನಗೆ ಮನಗಾಣಿಸಿದವರು ಒಬ್ಬ ನಿವೃತ್ತ ಉಪಾಧ್ಯಾಯಿನಿ.

ಹನ್ನೊಂದು ವರ್ಷದ ಮೌನ

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಉದ್ಯೋಗದ ನಿಮಿತ್ತ ನಾನು ಮಂಗಳೂರಿನಲ್ಲಿ ಕೆಲಕಾಲ ಇದ್ದೆ. ನಾನು ಬಾಡಿಗೆಗೆ ಹಿಡಿದದ್ದು ಆ ಉಪಾಧ್ಯಾಯಿನಿಯವರ ಹಂಚಿನ ಮನೆಯ ಮಾಳಿಗೆ. ಬೀದಿಯವರೆಲ್ಲ ಅವರನ್ನು ಕರೆಯುತ್ತಿದ್ದುದು ಟೀಚರಮ್ಮ ಎಂದೇ. ತಪಸ್ಸು ಕಾಲ ಬಂತೆಂದರೆ ಅವರ ವ್ರತ ಬಲು ಬಿಗಿ. ಮಾಂಸವಿಲ್ಲ, ಮೀನಿಲ್ಲ, ಪ್ರಾಣಕ್ಕಿಂತ ಪ್ರಿಯವಾದ ಕಾಫಿಯೂ ಇಲ್ಲ. ಉಳಿತಾಯದ ಹಣವನ್ನು ಡಬ್ಬಿಯಲ್ಲಿ ಕೂಡಿಟ್ಟು ಬಡ ರೋಗಿಗಳಿಗೆ ಕೊಡುತ್ತಿದ್ದರು. ಇಷ್ಟು ಭಕ್ತಿವಂತರಾದ ಅವರು ಕಾರ್ಕಳದ ಬಳಿ ವಾಸಿಸುತ್ತಿದ್ದ ಒಡಹುಟ್ಟಿದ ತಂಗಿಯೊಡನೆ ಹನ್ನೊಂದು ವರ್ಷಗಳಿಂದ ಮಾತು ಬಿಟ್ಟಿದ್ದರು. ತಾಯಿಯ ಮನೆ ಪಾಲಾಗುವಾಗ ಎದ್ದ ಜಗಳ. ತಂಗಿಯ ಮಾತು ಬಂದರೆ ಟೀಚರಮ್ಮನವರ ಬಳಿ ಆಪಾದನೆಗಳ ಪಟ್ಟಿಯೇ ಇತ್ತು.

ತಪಸ್ಸು ಕಾಲದ ಮೊದಲ ವಾರದ ಶುಕ್ರವಾರ ಪೂಜೆಯಲ್ಲಿ ಓದುವ ಶುಭಸಂದೇಶದ ಭಾಗವೊಂದುಂಟು. ಬಲಿಪೀಠಕ್ಕೆ ಕಾಣಿಕೆ ತಂದವನಿಗೆ ತನ್ನ ಸಹೋದರನಿಗೆ ತನ್ನ ಮೇಲೆ ಏನೋ ಮನಸ್ತಾಪವಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಹೋಗಿ ಮೊದಲು ರಾಜಿಯಾಗಬೇಕು ಎಂಬುದು ಅದರ ತಾತ್ಪರ್ಯ. ಟೀಚರಮ್ಮ ಇದನ್ನು ಎಷ್ಟೋ ವರ್ಷಗಳಿಂದ ಕೇಳಿದ್ದರು. ಆ ವರ್ಷ ಗುರುವಾರ ರಾತ್ರಿ ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಟ್ಟಿಯಾಗಿ ಓದುತ್ತಿದ್ದಾಗ ಹುಡುಗ ನಡುವೆ ಬಾಯಿ ಹಾಕಿದ:

"ಅಜ್ಜಿ, ಕೋಪ ಯಾರಿಗೆ? ಕಾಣಿಕೆ ತಂದವನಿಗೋ ಅವನ ತಮ್ಮನಿಗೋ?"

"ತಮ್ಮನಿಗೆ," ಎಂದರು ಅಜ್ಜಿ.

"ಹಾಗಾದರೆ ಇವನು ಏನು ತಪ್ಪು ಮಾಡಿದ್ದ?"

ಟೀಚರಮ್ಮನವರಿಗೆ ಉತ್ತರ ತೋಚಲಿಲ್ಲ. ಹನ್ನೊಂದು ವರ್ಷ ಅವರು ತಂಗಿಯ ತಪ್ಪುಗಳನ್ನು ಎಣಿಸಿದ್ದರು. ತಂಗಿಗೆ ತಮ್ಮ ಮೇಲೆ ಏನು ದೂರಿರಬಹುದೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಅಂದು ರಾತ್ರಿ ಕೇಳಿಕೊಂಡರು. ಹಾಸಿಗೆ ಹಿಡಿದಿದ್ದ ತಾಯಿಯನ್ನು ಕೊನೆಯ ಎರಡು ವರ್ಷ ನೋಡಿಕೊಂಡವಳು ಆ ತಂಗಿಯೇ. ಪಾಲಿನ ಪಂಚಾಯಿತಿಯ ದಿನ ಆ ಸೇವೆಯ ಬಗ್ಗೆ ಅಕ್ಕನ ಬಾಯಿಂದ ಒಂದು ಮಾತೂ ಬಂದಿರಲಿಲ್ಲ.

ಮರುದಿನ ಪೂಜೆ ಮುಗಿಸಿದವರೇ ಅವರು ಕಾರ್ಕಳದ ಬಸ್ಸು ಹತ್ತಿದರು. ಸಂಜೆ ಹಿಂದಿರುಗಿ ಜಗಲಿಯಲ್ಲಿ ಕುಳಿತು ನನಗೆ ಹೇಳಿದ್ದಿಷ್ಟು: "ಅವಳು ಓಡಿ ಬಂದು ಅಪ್ಪಿಕೊಳ್ಳಲಿಲ್ಲ, ನಾನೂ ಅಳಲಿಲ್ಲ. ಅಮ್ಮನನ್ನು ನೋಡಿಕೊಂಡವಳು ನೀನು, ಅದನ್ನು ನಾನು ಹೇಳಲೇ ಇಲ್ಲ, ತಪ್ಪಾಯಿತು ಎಂದೆ. ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಒಳಗೆ ಹೋಗಿ ಕಾಫಿ ತಂದಿಟ್ಟು, 'ಸಕ್ಕರೆ ಕಡಿಮೆ ಹಾಕಿದ್ದೇನೆ ಅಕ್ಕ, ನಿನಗೆ ಹಾಗೆಯೇ ಅಲ್ಲವೆ?' ಎಂದಳು."

"ನೀವು ಕಾಫಿ ಬಿಟ್ಟಿದ್ದಿರಲ್ಲ?" ಎಂದೆ.

"ಕುಡಿದೆ," ಎಂದರು ಟೀಚರಮ್ಮ. "ಆ ಲೋಟವನ್ನು ಬೇಡವೆಂದಿದ್ದರೆ ಯಾವ ದೇವರು ನನ್ನ ಉಪವಾಸವನ್ನು ಒಪ್ಪುತ್ತಿದ್ದನು?"

ಮನೆಯ ವ್ಯಾಜ್ಯ ಅಂದೇ ತೀರಿತೆಂದು ಹೇಳಲಾರೆ. ಕಾಗದಪತ್ರಗಳು ತಮ್ಮ ಹಾದಿಯನ್ನು ತಾವು ಹಿಡಿದವು. ಆದರೆ ಆ ವರ್ಷದ ಈಸ್ಟರಿಗೆ ಕಾರ್ಕಳದಿಂದ ಒಂದು ಬುಟ್ಟಿ ಹಲಸಿನ ತೊಳೆ ಬಂದಿತ್ತು. ತಾಯಿಯ ಮನೆಯ ಹಿತ್ತಿಲಿನ ಮರದ್ದು.

ಮೊದಲ ಹೆಜ್ಜೆ

ಟೀಚರಮ್ಮ ತಡವಾಗಿ ಕಂಡುಕೊಂಡ ಈ ಸತ್ಯವನ್ನು ಪೂರ್ವದ ಕ್ರೈಸ್ತ ಸಭೆಗಳು ಉಪವಾಸದ ಬಾಗಿಲಿನಲ್ಲಿಯೇ ಇರಿಸಿವೆ. ಗ್ರೀಕ್, ರಷ್ಯನ್ ಮೊದಲಾದ ಸಭೆಗಳಲ್ಲಿ ಉಪವಾಸ ಸೋಮವಾರ ಆರಂಭವಾಗುತ್ತದೆ. ಅದರ ಹಿಂದಿನ ಭಾನುವಾರಕ್ಕೆ ಕ್ಷಮೆಯ ಭಾನುವಾರ ಎಂದೇ ಹೆಸರು. ಅಂದು ಭಕ್ತರು ಒಬ್ಬರ ಮುಂದೊಬ್ಬರು ತಲೆಬಾಗಿ ಕ್ಷಮೆ ಬೇಡುತ್ತಾರೆ. ಗುರುವೂ ಶಿಷ್ಯರ ಮುಂದೆ ಬಾಗುತ್ತಾನೆ. ಕೇರಳದ ಸುರಿಯಾನಿ ಆರ್ಥೊಡಾಕ್ಸ್ ಸಭೆಗಳೂ ಮಹಾ ಉಪವಾಸವನ್ನು ಪರಸ್ಪರ ಕ್ಷಮೆಯ ಆರಾಧನೆಯಿಂದಲೇ ತೊಡಗುತ್ತವೆ. ನಮ್ಮ ಜೈನ ಬಂಧುಗಳು ದಶಲಕ್ಷಣ ಪರ್ವದ ಬಳಿಕ ಕ್ಷಮಾವಣಿಯನ್ನು ಆಚರಿಸುವುದನ್ನು ಕಂಡವರಿಗೆ ಈ ವಿವೇಕ ಒಂದೇ ಮತದ ಸೊತ್ತಲ್ಲವೆಂದು ತಿಳಿದೀತು.

ಈ ಕಾಲವನ್ನು ಆಚರಿಸುವ ಕುಟುಂಬಗಳು ಈ ಬಾರಿ ಒಂದು ಕೆಲಸ ಮಾಡಬಹುದು. ಏನನ್ನು ಬಿಡಬೇಕೆಂದು ಪಟ್ಟಿ ಮಾಡುವಾಗ, ಯಾರನ್ನು ಬಿಟ್ಟಿದ್ದೇವೆ ಎಂಬುದನ್ನೂ ಬರೆದುಕೊಳ್ಳಬಹುದು. ನಮ್ಮ ದೂರುಗಳು ನಮಗೆ ಕಂಠಪಾಠವಾಗಿರುತ್ತವೆ. ಅವರ ದೂರೇನೆಂದು ಒಂದು ಸಂಜೆ ಶಾಂತವಾಗಿ ಯೋಚಿಸಬಹುದು. ಬಳಿಕ ಒಂದು ಕಾಗದ, ಒಂದು ಫೋನು, ಇಲ್ಲವೆ ಒಂದು ಬಸ್ಸಿನ ಪ್ರಯಾಣ. ಆ ಕಡೆಯಿಂದ ಉತ್ತರ ಬಾರದಿರಲೂಬಹುದು. ಬಾಗಿಲು ಮುಚ್ಚಿಯೇ ಇರಬಹುದು. ನೆಲವನ್ನು ಹದ ಮಾಡುವುದಷ್ಟೇ ನಮ್ಮ ಪಾಲಿನ ಕೆಲಸ, ಮಳೆ ನಮ್ಮ ಕೈಯಲ್ಲಿಲ್ಲ.

ಹಣೆಯ ಬೂದಿ ಸಂಜೆಯ ಸ್ನಾನದಲ್ಲಿ ತೊಳೆದುಹೋಗುತ್ತದೆ. ಮುಂದಿನ ದಿನಗಳಲ್ಲಿ ಹೊರಗಿನವರಿಗೆ ಕಾಣುವ ಗುರುತು ಯಾವುದೂ ಉಳಿಯುವುದಿಲ್ಲ. ಆಗ ತಾನೆ ನಿಜವಾದ ತಪಸ್ಸು ಮೊದಲಾಗುವುದು?