ಹಳೆಯ ಮನೆಯ ದುರಸ್ತಿಗೆ ಸರ್ಕಾರದ ಹಣ: ಪರಿಸರ ಪರಿಶೀಲನೆ ಬೇಗ ಮುಗಿಯುವ ಬಗೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ನಮ್ಮಲ್ಲಿ ಎಲ್ಲರಿಗೂ ತಿಳಿದದ್ದೇ. ಹಳೆಯ ಮನೆಯನ್ನು ದುರಸ್ತಿ ಮಾಡಿ ನೋಡು ಎಂದು ಅದಕ್ಕೆ ಇನ್ನೊಂದು ಮಾತು ಸೇರಿಸಿದರೆ ತಪ್ಪಾಗಲಾರದು. ಹೊಸ ಮನೆಯಲ್ಲಿ ಏನೇನು ಹಾಕಿದೆ ಎಂಬುದು ಕಟ್ಟಿದವನಿಗೆ ಗೊತ್ತು. ಹಳೆಯ ಮನೆಯ ಬಣ್ಣದಲ್ಲಿ ಏನಿದೆ, ಮಾಡಿನ ಶೀಟಿನಲ್ಲಿ ಏನಿದೆ, ಪಕ್ಕದ ಹಳ್ಳದ ನೀರು ಎಲ್ಲಿಯವರೆಗೆ ಏರುತ್ತದೆ ಎಂಬುದು ಅನೇಕ ವೇಳೆ ಕೆಲಸ ಆರಂಭವಾದ ಮೇಲೆಯೇ ತಿಳಿಯುತ್ತದೆ. ಅಷ್ಟರಲ್ಲಿ ಹಣ ಅರ್ಧ ಖರ್ಚಾಗಿರುತ್ತದೆ.

ಇದನ್ನು ತಪ್ಪಿಸಲು ದುರಸ್ತಿಗೆ ಮೊದಲೇ ಪರಿಶೀಲನೆ ನಡೆಯಬೇಕು. ಆದರೆ ಪರಿಶೀಲನೆ ಎಂದರೆ ಕಾಗದಪತ್ರ, ಕಚೇರಿಯ ಅಲೆದಾಟ, ತಿಂಗಳುಗಟ್ಟಲೆ ವಿಳಂಬ ಎಂಬ ಅಂಜಿಕೆ ಜನರಲ್ಲಿ ಉಂಟು. ಮಾಡು ಸೋರುತ್ತಿರುವಾಗ ಯಾರಿಗೆ ಕಾಯುವ ತಾಳ್ಮೆ ಇದ್ದೀತು? ಈ ತೊಡಕನ್ನು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಒಂದು ಬಗೆಯಿಂದ ಬಿಡಿಸಿಕೊಂಡಿದ್ದಾರೆ. ಆ ಕ್ರಮದಲ್ಲಿ ನಮ್ಮ ಹಳ್ಳಿಗಳವರೂ ತಿಳಿಯತಕ್ಕ ಸಂಗತಿಗಳಿರುವುದರಿಂದ ಅದನ್ನು ಇಲ್ಲಿ ವಿವರಿಸಿದೆ.

ಹಣ ಎಲ್ಲಿಂದ ಬರುತ್ತದೆ?

ಅಮೆರಿಕದಲ್ಲಿ ೧೯೭೪ರ ಕಾಯಿದೆಯೊಂದರ ಪ್ರಕಾರ 'ಸಮುದಾಯ ಅಭಿವೃದ್ಧಿ ಬ್ಲಾಕ್ ಗ್ರಾಂಟ್' ಎಂಬ ಅನುದಾನ ಏರ್ಪಟ್ಟಿತು. ಹೆಸರು ನಮ್ಮ ಬ್ಲಾಕಿನ ಹೆಸರಿನಂತೆಯೇ ಕೇಳಿಸುತ್ತದೆ. ಅರ್ಥ ಮಾತ್ರ ಬೇರೆ. ನಮ್ಮಲ್ಲಿ ಬ್ಲಾಕ್ ಎಂದರೆ ಹಲವು ಹಳ್ಳಿಗಳು ಸೇರಿದ ಪ್ರದೇಶ. ಅಲ್ಲಿ ಬ್ಲಾಕ್ ಎಂದರೆ ಬಿಡಿಬಿಡಿಯಾಗಿ ಕೊಡದೆ ಒಟ್ಟಾಗಿ ಕೊಡುವ ಹಣ. ಕೇಂದ್ರದ ವಸತಿ ಮತ್ತು ನಗರಾಭಿವೃದ್ಧಿ ಇಲಾಖೆ ಈ ಹಣವನ್ನು ಹಂಚುತ್ತದೆ. ೫೦ ಸಾವಿರಕ್ಕಿಂತ ಕಡಿಮೆ ಜನವಸತಿಯಿರುವ ಸಣ್ಣ ಊರುಗಳಿಗೆ ಇದು ಸಾಮಾನ್ಯವಾಗಿ ರಾಜ್ಯ ಸರ್ಕಾರದ ಮೂಲಕ ತಲಪುತ್ತದೆ. ಬಡವರ ಮನೆಗಳ ದುರಸ್ತಿ, ಕುಡಿಯುವ ನೀರು, ಸಮುದಾಯ ಭವನ ಮೊದಲಾದ ಕೆಲಸಗಳಿಗೆ ಇದನ್ನು ಬಳಸಬಹುದು.

ಆ ದೇಶದ ರಾಷ್ಟ್ರೀಯ ಪರಿಸರ ನೀತಿ ಕಾಯಿದೆಗೆ ೧೯೭೦ರ ಜನವರಿ ೧ರಂದು ಅಧ್ಯಕ್ಷರ ಸಹಿ ಬಿತ್ತು. ಕೇಂದ್ರ ಸರ್ಕಾರದ ಹಣದಿಂದ ಮಾಡುವ ಕೆಲಸವು ನೀರು, ನೆಲ, ಗಾಳಿ, ಜನರ ಆರೋಗ್ಯ ಇವುಗಳ ಮೇಲೆ ಏನು ಪರಿಣಾಮ ಮಾಡೀತು ಎಂಬುದನ್ನು ಮೊದಲೇ ನೋಡತಕ್ಕದ್ದೆಂಬುದು ಇದರ ತಿರುಳು. ದೊಡ್ಡ ಅಣೆಕಟ್ಟಿಗಾದರೆ ಇದು ಸರಿಯೇ. ವಯಸ್ಸಾದ ಹೆಂಗಸೊಬ್ಬಳ ಮನೆಯ ಮಾಡನ್ನು ಬದಲಿಸುವುದಕ್ಕೂ ಅಷ್ಟೇ ದೊಡ್ಡ ವರದಿ ಬೇಕೆಂದರೆ ಹೇಗೆ? ಆದಕಾರಣ ಕೆಲಸದ ಗಾತ್ರಕ್ಕೆ ತಕ್ಕಂತೆ ಪರಿಶೀಲನೆಯನ್ನು ವಿಂಗಡಿಸಿದರು.

ಕೆಲಸಕ್ಕೆ ತಕ್ಕ ಪರಿಶೀಲನೆ

ಮೊದಲನೆಯದು ನಿತ್ಯದ ನಿರ್ವಹಣೆ. ಒಡೆದ ಗಾಜು ಹಾಕಿಸುವುದು, ಸೋರುವ ಕಡೆ ತೇಪೆ ಹಾಕುವುದು ಈ ಜಾತಿಗೆ ಸೇರಿದವು. ಇದಕ್ಕೆ ಬಹು ಮಟ್ಟಿಗೆ ಪರಿಶೀಲನೆಯ ತೊಡಕಿಲ್ಲ. ಚಂಡಮಾರುತ, ನೆರೆ ಮುಂತಾದ ವಿಪತ್ತು ಬಂದಾಗ ಇನ್ನಷ್ಟು ಹಾನಿಯಾಗದಂತೆ ತಡೆಯಲು ಮಾಡುವ, ಪರಿಸರದ ಸ್ಥಿತಿಯನ್ನು ಬದಲಿಸದ ತುರ್ತು ರಿಪೇರಿಗೂ ವಿನಾಯಿತಿ ಉಂಟು.

ಎರಡನೆಯದು ದುರಸ್ತಿ. ಮಾಡನ್ನು ಪೂರ್ತಿಯಾಗಿ ಬದಲಿಸುವುದು ಈ ಜಾತಿಯದು. ಒಂದರಿಂದ ನಾಲ್ಕು ಸಂಸಾರಗಳು ಇರತಕ್ಕ ಮನೆಯಾದರೆ, ಸಂಸಾರಗಳ ಸಂಖ್ಯೆ ನಾಲ್ಕನ್ನು ಮೀರದೆ, ವಾಸದ ಮನೆ ವಾಸದ ಮನೆಯಾಗಿಯೇ ಉಳಿದು, ನೆರೆ ಬರುವ ಜಾಗದಲ್ಲಾಗಲಿ ಜೌಗು ನೆಲದಲ್ಲಾಗಲಿ ಕಟ್ಟಡದ ಪಾಯ ಹಿಗ್ಗದಿದ್ದರೆ ಸಂಕ್ಷಿಪ್ತ ಪರಿಶೀಲನೆ ಸಾಕು. ಶಾಲೆ, ಸಮುದಾಯ ಭವನ ಮೊದಲಾದ ಸಾರ್ವಜನಿಕ ಕಟ್ಟಡಗಳ ಗಾತ್ರದಲ್ಲಾಗಲಿ ಸಾಮರ್ಥ್ಯದಲ್ಲಾಗಲಿ ನೂರಕ್ಕೆ ೨೦ಕ್ಕಿಂತ ಹೆಚ್ಚು ಬದಲಾವಣೆ ಇರಕೂಡದು. ಹೆಚ್ಚು ಸಂಸಾರಗಳಿರುವ ದೊಡ್ಡ ವಠಾರಗಳಿಗೆ ಇನ್ನೊಂದು ಮಿತಿಯೂ ಇದೆ: ದುರಸ್ತಿಯ ವೆಚ್ಚವು ಆ ಕಟ್ಟಡವನ್ನು ಹೊಸದಾಗಿ ಕಟ್ಟಿಸಲು ತಗಲುವ ಅಂದಾಜು ವೆಚ್ಚದ ನೂರಕ್ಕೆ ೭೫ಕ್ಕಿಂತ ಕಡಿಮೆಯಿರಬೇಕು. ಈ ಎಲ್ಲೆಗಳನ್ನು ದಾಟಿದರೆ ವಿಸ್ತಾರವಾದ ವರದಿ ಬೇಕಾಗುತ್ತದೆ.

ಸಂಕ್ಷಿಪ್ತ ಎಂದ ಮಾತ್ರಕ್ಕೆ ಕಣ್ಣು ಮುಚ್ಚಿ ಸಹಿ ಹಾಕುವುದೆಂದು ತಿಳಿಯಬಾರದು. ಮನೆ ನೆರೆಯ ಜಾಗದಲ್ಲಿದೆಯೇ? ಐತಿಹಾಸಿಕ ಮಹತ್ವದ್ದೇ? ಸುತ್ತಮುತ್ತ ವಿಷವಸ್ತು ಸುರಿದ ಜಾಗವಿದೆಯೇ? ಇಂಥ ಪ್ರಶ್ನೆಗಳಿಗೆ ಆಗಲೂ ಉತ್ತರ ಬರೆಯಲೇ ಬೇಕು. ಇವುಗಳಿಗೆ ಬೇರೆ ಬೇರೆ ಕಾಯಿದೆಗಳಿವೆ. ೧೯೬೬ರ ಕಾಯಿದೆಯಂತೆ ಐತಿಹಾಸಿಕ ಕಟ್ಟಡಗಳ ಬಗ್ಗೆ ರಾಜ್ಯದ ಅಧಿಕಾರಿಯೊಡನೆ ಸಮಾಲೋಚಿಸಬೇಕು. ಸಾಮಾನ್ಯವಾಗಿ ೫೦ ವರ್ಷ ದಾಟಿದ ಕಟ್ಟಡವೆಂದರೆ ಈ ಪ್ರಶ್ನೆ ಏಳುತ್ತದೆ. ೧೯೭೩ರ ಕಾಯಿದೆ ನೆರೆ ವಿಮೆಗೆ ಸಂಬಂಧಿಸಿದ್ದು. ಯಾವುದೇ ವರ್ಷದಲ್ಲಿ ನೆರೆ ಬರುವ ಸಂಭವ ನೂರಕ್ಕೆ ಒಂದು ಇರುವ ಜಾಗದಲ್ಲಿ ಮನೆಯಿದ್ದರೆ, ನೆರೆ ವಿಮೆ ಮಾಡಿಸದೆ ದುರಸ್ತಿಯ ಹಣ ಸಿಕ್ಕುವುದಿಲ್ಲ.

ಊರಿಗೆ ಒಂದು ಸಲ, ಮನೆಗೆ ಒಂದು ಹಾಳೆ

ಇಷ್ಟು ಪ್ರಶ್ನೆಗಳನ್ನು ಪ್ರತಿ ಮನೆಗೂ ಮೊದಲಿನಿಂದ ಕೇಳುತ್ತ ಕೂತರೆ ವರ್ಷ ಕಳೆದರೂ ಕೆಲಸ ಆರಂಭವಾಗದು. ಆದ್ದರಿಂದ ಪರಿಶೀಲನೆಯನ್ನು ಎರಡು ಹಂತ ಮಾಡಿದರು. ಈ ಏರ್ಪಾಡಿನ ಜೀವಾಳವೇ ಇದು.

ಉದಾಹರಣೆಗೆ, ಒಂದು ಕೌಂಟಿಯಲ್ಲಿ (ಇದು ನಮ್ಮ ಜಿಲ್ಲೆಯಂಥ ಒಂದು ವಿಭಾಗ) ೪೦ ಹಳೆಯ ಮನೆಗಳನ್ನು ದುರಸ್ತಿ ಮಾಡಬೇಕಾಗಿದೆ ಎಂದುಕೊಳ್ಳೋಣ. ಯಾವ ಮನೆಗಳು ಎಂಬುದು ಇನ್ನೂ ತೀರ್ಮಾನವಾಗಿಲ್ಲ, ಅರ್ಜಿಗಳು ಬರಬೇಕಾಗಿವೆ. ಮೊದಲನೆಯ ಹಂತದಲ್ಲಿ ಇಡೀ ಪ್ರದೇಶಕ್ಕೆ ಒಂದೇ ಉತ್ತರವಿರುವ ಪ್ರಶ್ನೆಗಳನ್ನು ಮುಗಿಸುತ್ತಾರೆ. ಕೌಂಟಿಯು ಸಮುದ್ರದಿಂದ ದೂರ ಒಳನಾಡಿನಲ್ಲಿದ್ದರೆ ಕರಾವಳಿಯ ನಿಯಮ ಯಾವ ಮನೆಗೂ ತಗಲದು. ಸುತ್ತಿನಲ್ಲಿ ವಿಮಾನ ನಿಲ್ದಾಣವಿಲ್ಲದಿದ್ದರೆ ಆ ಪ್ರಶ್ನೆಯೂ ಎಲ್ಲರಿಗೂ ಒಮ್ಮೆಗೇ ಮುಗಿಯಿತು. ಇರುವ ಮನೆಯನ್ನೇ ರಿಪೇರಿ ಮಾಡುವುದರಿಂದ ಸಾಗುವಳಿ ಜಮೀನು ಹೋಗುವ ಪ್ರಶ್ನೆ ಏಳುವುದಿಲ್ಲ. ಇವೆಲ್ಲವನ್ನೂ ಒಂದು ಸಲ ಬರೆದಿಟ್ಟರೆ ಸಾಮಾನ್ಯವಾಗಿ ಐದು ವರ್ಷಗಳ ಕಾಲ ಅದನ್ನು ಬಳಸಬಹುದು.

ಎರಡನೆಯ ಹಂತ ಮನೆಯ ಬಾಗಿಲಿನಲ್ಲಿ ನಡೆಯುವುದು. ಮನೆಯಿಂದ ಮನೆಗೆ ಬದಲಾಗುವ ಸಂಗತಿಗಳನ್ನು ಇಲ್ಲಿ ನೋಡುತ್ತಾರೆ. ಈ ಮನೆ ನೆರೆಯ ನಕ್ಷೆಯೊಳಗಿದೆಯೇ, ಇದಕ್ಕೆ ಎಷ್ಟು ವಯಸ್ಸು, ಪಕ್ಕದಲ್ಲಿ ಹಳೆಯ ಪೆಟ್ರೋಲ್ ಬಂಕ್ ಇತ್ತೇ, ಶೀಟಿನಲ್ಲಿ ಕಲ್ನಾರು ಇದೆಯೇ, ಬಣ್ಣದಲ್ಲಿ ಸೀಸವಿದೆಯೇ. ಮನೆಗಳ ಬಣ್ಣದಲ್ಲಿ ಸೀಸ ಬೆರೆಸುವುದನ್ನು ಅಮೆರಿಕ ೧೯೭೮ರಲ್ಲಿ ನಿಷೇಧಿಸಿತು. ಅದಕ್ಕೂ ಹಿಂದಿನ ಮನೆಯೆಂದರೆ ಎಚ್ಚರ ಬೇಕೆಂದು ಲೆಕ್ಕ. ಯಾವ ಉತ್ತರ ಬಂದರೆ ಏನು ಮಾಡತಕ್ಕದ್ದೆಂಬುದನ್ನು ಮೊದಲನೆಯ ಹಂತದಲ್ಲಿಯೇ ಬರೆದಿಟ್ಟಿರುತ್ತಾರೆ. ಆದ್ದರಿಂದ ಪ್ರತಿ ಮನೆಗೂ ಒಂದು ಚಿಕ್ಕ ತಖ್ತೆಯನ್ನು ತುಂಬಿದರೆ ಸಾಕಾಗುತ್ತದೆ. ಬರೆದಿಟ್ಟ ಕ್ರಮಕ್ಕೆ ಒಳಪಡದ ತೊಂದರೆ ಕಂಡ ಮನೆಯನ್ನು ಮಾತ್ರ ಬೇರೆ ತೆಗೆದು ಪ್ರತ್ಯೇಕವಾಗಿ ಪರಿಶೀಲಿಸುತ್ತಾರೆ. ಒಂದು ಮನೆಯ ಸಲುವಾಗಿ ಉಳಿದ ೩೯ ಮನೆಗಳು ಕಾಯಬೇಕಾಗಿಲ್ಲ.

ಪ್ರಕಟಣೆಯೂ ಹೀಗೆಯೇ. ಅನುದಾನ ಬಿಡುಗಡೆಗೆ ಮುಂಚೆ ಜನರಿಗೆ ತಿಳಿಸಿ ಆಕ್ಷೇಪಣೆ ಕೇಳಬೇಕು. ಪತ್ರಿಕೆಯಲ್ಲಿ ಪ್ರಕಟಿಸಿದರೆ ೭ ದಿನ, ಪ್ರಮುಖ ಜಾಗಗಳಲ್ಲಿ ಅಂಟಿಸಿ ಅಂಚೆಯಲ್ಲಿ ಕಳಿಸಿದರೆ ೧೦ ದಿನ ಅವಕಾಶ. ಅನಂತರ ಹಣ ಬಿಡುವ ಮೇಲಿನ ಸರ್ಕಾರದಲ್ಲಿ ಆಕ್ಷೇಪಣೆಗೆ ಇನ್ನೂ ೧೫ ದಿನ. ನಲವತ್ತು ಮನೆಗಳಿಗೆ ನಲವತ್ತು ಪ್ರಕಟಣೆ ಹೊರಡಿಸುವ ಬದಲು, ಮೊದಲನೆಯ ಹಂತದಲ್ಲಿ ಒಂದೇ ಪ್ರಕಟಣೆ ಹೊರಡುತ್ತದೆ.

೨೦೧೨ರ ಅಕ್ಟೋಬರಿನಲ್ಲಿ ಸ್ಯಾಂಡಿ ಎಂಬ ಚಂಡಮಾರುತ ನ್ಯೂಜೆರ್ಸಿಯ ಕರಾವಳಿಗೆ ಅಪ್ಪಳಿಸಿ ಸಾವಿರಾರು ಮನೆಗಳನ್ನು ಹಾಳುಗೆಡವಿತು. ಆಗ ಅಲ್ಲಿ ಕೌಂಟಿವಾರು ಮೊದಲನೆಯ ಹಂತ ಮುಗಿಸಿ, ಮನೆವಾರು ಎರಡನೆಯ ಹಂತ ನಡೆಸುವ ಈ ಕ್ರಮವನ್ನೇ ಹಿಡಿದರು.

ಅವಸರಪಟ್ಟರೆ ಏನಾಗುತ್ತದೆ?

ಇಲ್ಲೊಂದು ಕಟ್ಟುನಿಟ್ಟಿನ ನಿಯಮವಿದೆ. ಒಪ್ಪಿಗೆಯ ಪತ್ರ ಕೈಸೇರುವ ಮುಂಚೆ ದುರಸ್ತಿಯ ಕರಾರು ಮಾಡಿಕೊಳ್ಳುವುದಾಗಲಿ, ಕೆಲಸ ಆರಂಭಿಸುವುದಾಗಲಿ ಕೂಡದು. ಅನುದಾನದ ಹಣ ಮಾತ್ರವಲ್ಲ, ಆ ಯೋಜನೆಗೆ ಸೇರಿದ ಬೇರೆ ಹಣವನ್ನೂ ಹಾಗೆ ತೊಡಗಿಸುವಂತಿಲ್ಲ. ಮಳೆಗಾಲ ಬಂತೆಂದು ಅರ್ಜಿ ಹಾಕಿದ ಮೇಲೆ ಅವಸರದಿಂದ ಮಾಡು ಬಿಚ್ಚಿಸಿದರೆ ಬರತಕ್ಕ ಅನುದಾನವೇ ಕೈತಪ್ಪಬಹುದು. ನಿಯಮ ಕಠಿಣವೆಂದು ತೋರೀತು. ಆದರೆ ಗೋಡೆ ಕೆಡವಿದ ಮೇಲೆ ಕೆಡವಬಹುದೇ ಎಂದು ಪರಿಶೀಲಿಸುವುದರಲ್ಲಿ ಏನು ಅರ್ಥ? ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತಾಗುತ್ತದೆ.

ಈ ಪರಿಶೀಲನೆಯ ಹೊಣೆ ಸ್ಥಳೀಯ ಸರ್ಕಾರದ ಮೇಲಿರುತ್ತದೆ. ದೂರದ ರಾಜಧಾನಿಯ ಅಧಿಕಾರಿಗಿಂತ ಊರಿನ ಹಳ್ಳಕೊಳ್ಳ ಊರಿನವರಿಗೆ ಚೆನ್ನಾಗಿ ಗೊತ್ತು. ಪರಿಶೀಲನೆಯ ಕಡತವನ್ನು ಯಾರು ಕೇಳಿದರೂ ತೋರಿಸಬೇಕು. ಕಡತದಲ್ಲಿ ಬರೆಯದಿದ್ದರೆ ನೋಡಿದೆವೆಂಬ ಬಾಯಿಮಾತಿಗೆ ಬೆಲೆಯಿಲ್ಲ.

ನಮಗೆ ಇದರಿಂದ ಏನು?

ನಮ್ಮ ದೇಶದಲ್ಲಿ ೨೦೦೬ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಕಟ್ಟಡಗಳಿಗೆ ಪೂರ್ವಾನುಮತಿಯ ಮಾತು ಬರುವುದು ೨೦ ಸಾವಿರ ಚದರ ಮೀಟರಿನಿಂದ. ಹಳ್ಳಿಯ ಮನೆಯಾಗಲಿ ಶಾಲೆಯಾಗಲಿ ಆ ಗಾತ್ರದ ಹತ್ತಿರಕ್ಕೂ ಬಾರದು. ಆದರೆ ಕಾಯಿದೆ ಕೇಳದಿದ್ದ ಮಾತ್ರಕ್ಕೆ ಅಪಾಯ ಬಿಟ್ಟುಹೋಗುವುದಿಲ್ಲ. ಕಲ್ನಾರಿನ ಶೀಟನ್ನು ಒಡೆದರೆ ಏಳುವ ಧೂಳು ಎಲ್ಲಿಯಾದರೂ ಶ್ವಾಸಕೋಶಕ್ಕೆ ಕೇಡೇ. ನಮ್ಮಲ್ಲಿ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸಕ್ಕೆ ಹತ್ತು ಲಕ್ಷ ಭಾಗಕ್ಕೆ ೯೦ ಭಾಗವೆಂಬ ಮಿತಿ ಜಾರಿಗೆ ಬಂದದ್ದು ೨೦೧೭ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಒಣಗಿದಂತೆಯೇ ಉಜ್ಜಿ ತೆಗೆದರೆ ಆ ಪುಡಿ ಮಕ್ಕಳ ಬುದ್ಧಿ ಬೆಳವಣಿಗೆಗೆ ಕುಂದು ತರಬಹುದು.

ಐಹೊಳೆ, ಪಟ್ಟದಕಲ್ಲು, ಹಳೇಬೀಡು ಮುಂತಾದ ಕಡೆ ಸಂರಕ್ಷಿತ ಸ್ಮಾರಕಗಳ ಪಕ್ಕದಲ್ಲಿ ವಾಸಿಸುವವರಿಗೆ ಇನ್ನೊಂದು ಮಾತು. ೧೯೫೮ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ ೨೦೧೦ರಲ್ಲಿ ಆದ ತಿದ್ದುಪಡಿಯಂತೆ, ಕೇಂದ್ರ ಸರ್ಕಾರದ ರಕ್ಷಣೆಯಲ್ಲಿರುವ ಸ್ಮಾರಕದ ಎಲ್ಲೆಯಿಂದ ೧೦೦ ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ೨೦೦ ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಹಳೆಯ ಮನೆಯ ದುರಸ್ತಿಗೂ ಸಕ್ಷಮ ಅಧಿಕಾರಿಯ ಅನುಮತಿ ಬೇಕು. ಯಾವ ಯೋಜನೆಯ ಹಣ ಬಂದರೂ ಈ ಅನುಮತಿಯಿಂದ ಬಿಡುಗಡೆಯಿಲ್ಲ.

ದುರಸ್ತಿಗೆ ಮುಂಚೆ ನೋಡತಕ್ಕ ಅಂಶಗಳು

೧. ದೊಡ್ಡ ಮಳೆ ಬಂದಾಗ ನೀರು ಎಲ್ಲಿಯವರೆಗೆ ಏರಿತ್ತೆಂದು ಹಿರಿಯರನ್ನು ಕೇಳಿ, ಗೋಡೆಯ ಮೇಲೆ ಗುರುತು ಮಾಡಿ. ಸ್ವಿಚ್ಚು, ಮೀಟರುಗಳನ್ನು ಆ ಗುರುತಿನ ಮೇಲಕ್ಕೆ ಹಾಕಿಸಿ.

೨. ಮಾಡಿನ ಶೀಟು ಕಲ್ನಾರಿನದಾದರೆ ಒಡೆಯಬೇಡಿ, ಗರಗಸ ಹಾಕಬೇಡಿ. ನೀರು ಚಿಮುಕಿಸಿ, ಇಡಿಯಾಗಿ ಇಳಿಸಿ. ಚೂರುಗಳನ್ನು ಹಿತ್ತಲಿಗಾಗಲಿ ಗದ್ದೆಗಾಗಲಿ ಎಸೆಯಬೇಡಿ.

೩. ಹಳೆಯ ಬಣ್ಣವನ್ನು ಒದ್ದೆ ಮಾಡಿ ಕೆರೆಯಿರಿ. ಆ ಹೊತ್ತಿನಲ್ಲಿ ಮಕ್ಕಳೂ ಗರ್ಭಿಣಿಯರೂ ಅಲ್ಲಿರಕೂಡದು.

೪. ಸುತ್ತಿನಲ್ಲಿ ಸಂರಕ್ಷಿತ ಸ್ಮಾರಕವಿದ್ದರೆ ಮೊದಲು ಅನುಮತಿ ಪಡೆಯಿರಿ, ಆಮೇಲೆ ಮೇಸ್ತ್ರಿಯನ್ನು ಕರೆಯಿರಿ.

೫. ಸಹಾಯಧನದ ಅರ್ಜಿ ಹಾಕಿದ್ದರೆ, ಕೆಲಸ ಯಾವಾಗ ಆರಂಭಿಸಬಹುದೆಂದು ಪಂಚಾಯತಿ ಕಚೇರಿಯಲ್ಲಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದುಕೊಳ್ಳಿ.

ಇವುಗಳಲ್ಲಿ ಮೊದಲನೆಯದೂ ನಾಲ್ಕನೆಯದೂ ಇಡೀ ಊರಿಗೆ ಸಂಬಂಧಿಸಿದವು. ನೀರಿನ ಗುರುತನ್ನೂ ಸ್ಮಾರಕದ ಎಲ್ಲೆಯನ್ನೂ ಗ್ರಾಮಸಭೆಯಲ್ಲಿ ಕುಳಿತು ಒಂದೇ ಸಲ ಊರಿನ ನಕ್ಷೆಯ ಮೇಲೆ ಗುರುತಿಸಿಟ್ಟರೆ, ಮುಂದೆ ಯಾವ ಮನೆಯ ದುರಸ್ತಿ ಬಂದರೂ ಆ ನಕ್ಷೆ ಉಪಯೋಗಕ್ಕೆ ಬರುತ್ತದೆ. ಉಳಿದದ್ದನ್ನು ಮನೆಯ ಯಜಮಾನನೂ ಮೇಸ್ತ್ರಿಯೂ ಒಂದು ಬೆಳಗಿನಲ್ಲಿ ನೋಡಿ ಮುಗಿಸಬಹುದು. ಊರಿನ ಪಾಲಿನ ಕೆಲಸವನ್ನು ಊರು ಒಮ್ಮೆ ಮಾಡಿಟ್ಟರೆ ಪ್ರತಿ ಮನೆಯವನಿಗೂ ಅಷ್ಟರ ಮಟ್ಟಿಗೆ ಕಾಲವೂ ಹಣವೂ ಉಳಿಯುತ್ತವೆ.